ಇಂಗ್ಲೆಂಡಿನಲ್ಲಿ ಮಾನಸಿಕ ಅಸ್ವಸ್ಥತೆ ಇದ್ದರೆ ಕೊಲೆ ಆರೋಪ ಕಡಿಮೆಯಾಗುತ್ತದಂತೆ, ಹೌದಾ? ಆ ಕಾನೂನಿನಲ್ಲಿ ಏನು ಬದಲಾಯಿತು?

ಕಡಿಮೆಯಾಗುತ್ತದೆ, ಖುಲಾಸೆಯಾಗುವುದಿಲ್ಲ. ಅಲ್ಲಿ ಕೊಲೆಗೆ ಜೀವಾವಧಿ ಕಡ್ಡಾಯ. ಈ ವಾದ ಗೆದ್ದರೆ ಅಪರಾಧ ಮ್ಯಾನ್‌ಸ್ಲಾಟರ್‌ಗೆ (ಕೊಲೆಗಿಂತ ಕಡಿಮೆ ದರ್ಜೆಯ ನರಹತ್ಯೆ) ಇಳಿದು, ಶಿಕ್ಷೆ ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದು.

1957ರ ಹೋಮಿಸೈಡ್ (ನರಹತ್ಯೆ) ಕಾಯ್ದೆಯಲ್ಲಿ ಈ ವಾದದ ವ್ಯಾಖ್ಯೆ ಸಡಿಲವಾಗಿತ್ತು. ಹಾಸಿಗೆ ಹಿಡಿದ ಹೆಂಡತಿಯ ಆರೈಕೆಯಲ್ಲಿ ಬಳಲಿ, ಕೊನೆಗೆ ಅವಳನ್ನು ಕೊಂದ ಗಂಡನಂಥವರಿಗೆ ವೈದ್ಯರೂ ಕೋರ್ಟೂ ಹೇಗೋ ದಾರಿ ಮಾಡಿಕೊಡುತ್ತಿದ್ದರು. 2009ರ ತಿದ್ದುಪಡಿ (ಜಾರಿ 2010ರಲ್ಲಿ) ಬಿಗಿ ಮಾಡಿತು: ವೈದ್ಯಶಾಸ್ತ್ರ ಒಪ್ಪುವ ಕಾಯಿಲೆ ಇರಬೇಕು. ಅದರಿಂದ ತಿಳಿವಳಿಕೆ, ವಿವೇಚನೆ ಅಥವಾ ಸ್ವನಿಯಂತ್ರಣ ಗಣನೀಯವಾಗಿ ಕುಂದಿರಬೇಕು. ಆ ಕೃತ್ಯಕ್ಕೆ ಅದು ಕಾರಣವೂ ಆಗಿರಬೇಕು. ಇದನ್ನು ಸಾಬೀತುಪಡಿಸುವ ಹೊಣೆ ಆರೋಪಿಯದೇ.

18ರೊಳಗಿನವರ ಅಪಕ್ವತೆಯನ್ನೂ ಸೇರಿಸಿ ಎಂದು ಕಾನೂನು ಸುಧಾರಣೆಗೆ ಸಲಹೆ ಕೊಡುವ ಅಲ್ಲಿನ ಲಾ ಕಮಿಷನ್ 2006ರಲ್ಲಿ ಹೇಳಿತ್ತು, ಸರ್ಕಾರ ಕೈಬಿಟ್ಟಿತು. ನನ್ನ ಪ್ರಕಾರ ಅದೇ ದೊಡ್ಡ ಲೋಪ, ಏಕೆಂದರೆ ಅಲ್ಲಿ 10 ವರ್ಷದ ಮಗುವಿನ ಮೇಲೂ ಕೊಲೆ ಮೊಕದ್ದಮೆ ಹೂಡಬಹುದು.

ಮಾನಸಿಕ ಅಸ್ವಸ್ಥತೆಯ ಬಗೆಗಿನ ನಮ್ಮ ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಮಿನಲ್ಲಿ, ಖುಲಾಸೆಗೂ ಕೊಲೆಯ ಶಿಕ್ಷೆಗೂ ನಡುವಿನ ಇಂಥ ದಾರಿ ಇಲ್ಲ.