ಹಂಡೆ ಸೋರುತ್ತಿದೆ, ಬಚ್ಚಲಲ್ಲಿ ಹೊಗೆ ನಿಲ್ಲುತ್ತಿದೆ

ಪ್ರಶ್ನೆ: ಇಪ್ಪತ್ತು ವರ್ಷ ಬೆಂಗಳೂರಿನಲ್ಲಿದ್ದು ಈಗ ಕೊಪ್ಪದ ಹತ್ತಿರ ಅಜ್ಜನ ಮನೆಗೆ ಬಂದು ನೆಲೆಸಿದ್ದೇವೆ. ಹಿತ್ತಲಿನ ಬಚ್ಚಲುಮನೆಯಲ್ಲಿ ಹಳೇ ತಾಮ್ರದ ಹಂಡೆ ಇದೆ. ಸುಮಾರು 100 ಲೀಟರ್ ಹಿಡಿಯುತ್ತದೆ. ಈಗ ಅದರ ಹೊಟ್ಟೆಯ ಹತ್ತಿರ ನೀರು ಜಿನುಗುತ್ತದೆ, ಒಳಗೆ ಹಸಿರು ಕಟ್ಟಿದೆ. ಬಚ್ಚಲಿನ ಹಂಚು ತೆಗೆಸಿ ಆರ್‌ಸಿಸಿ ಮಾಡಿಸಿದ ಮೇಲೆ ಹೊಗೆ ಹೊರಗೆ ಹೋಗುತ್ತಿಲ್ಲ. ಕಟ್ಟಿಗೆಯೂ ಜಾಸ್ತಿ ಬೇಕು. ಗುಜರಿಗೆ ಹಾಕಿ ಗೀಸರ್ ತಗೊಳ್ಳಿ ಅಂತಾರೆ. ಹಂಡೆ ಉಳಿಸಿಕೊಳ್ಳಲು ದಾರಿ ಇದೆಯೇ?
– ಓದುಗರೊಬ್ಬರು, ಕೊಪ್ಪ ತಾಲ್ಲೂಕು

ಉತ್ತರ: ಇದೆ. ದಯವಿಟ್ಟು ಗುಜರಿಗೆ ಹಾಕಬೇಡಿ. ಆದರೆ ನಿಮ್ಮ ಪತ್ರದಲ್ಲಿ ನನಗೆ ಹೆದರಿಕೆ ತಂದಿದ್ದು ಸೋರಿಕೆ ಅಲ್ಲ, ಹೊಗೆ. ಹಾಗಾಗಿ ಅದನ್ನೇ ಮೊದಲು ಹೇಳುತ್ತೇನೆ.

ಹಂಚಿನ ಮಾಡು ಇದ್ದಾಗ ಸಂದಿಯಿಂದ ಹೊಗೆ ತಾನಾಗಿ ಹೊರಗೆ ಹೋಗುತ್ತಿತ್ತು. ಈಗ ಮೇಲೆ ಕಾಂಕ್ರೀಟು, ಕಿಟಕಿಗೆ ಗಾಜೂ ಇರಬೇಕು. ಚಳಿ ಅಂತ ಬಾಗಿಲು ಹಾಕಿಕೊಂಡು ಒಳಗೆ ಬೆಂಕಿ ಉರಿಸಿದರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಹೊಗೆಯಿಲ್ಲದೆ ಬರೀ ಕೆಂಡ ಇದ್ದಾಗಲೂ ಅದು ಹುಟ್ಟುತ್ತದೆ. ತಲೆನೋವು, ತಲೆಸುತ್ತು ಬಂತು ಅನ್ನುವಷ್ಟರಲ್ಲಿ ಎದ್ದು ಬಾಗಿಲು ತೆಗೆಯಲೂ ಆಗದ ಹಾಗೆ ಆಗಬಹುದು. ಜೀವವೇ ಹೋಗಬಹುದು. ಇದು ಸರಿಯಾಗುವ ತನಕ ಆ ಬಚ್ಚಲಲ್ಲಿ ಬೆಂಕಿ ಹಾಕಬೇಡಿ. ಬೇರೆ ಒಲೆಯಲ್ಲಿ ಕಾಯಿಸಿ ಬಕೆಟ್ಟಿನಲ್ಲಿ ತಂದುಕೊಳ್ಳಿ.

ಸರಿ ಮಾಡುವುದು ಕಷ್ಟವಲ್ಲ. ಒಲೆಯ ಬಾಯನ್ನು ಗೋಡೆಯ ಹೊರಗೆ ಮಾಡಿಸಿ. ಸಾಗರದ ಕಡೆಯ ನಮ್ಮ ಮನೆಯಲ್ಲಿ ಹೀಗೇ ಇದೆ. ಬೆಂಕಿ ಹಾಕುವುದು ಹೊರಗಿನಿಂದ, ನೀರು ತೋಡಿಕೊಳ್ಳುವುದು ಒಳಗಿನಿಂದ. ಹಂಡೆಯ ಸುತ್ತ ಒಳಗಡೆ ಮಣ್ಣಿನಿಂದ ಸಂದಿ ಬಿಡದೆ ಮೆತ್ತಬೇಕು. ಬಿರುಕು ಬಿಟ್ಟ ದಿನವೇ ಮತ್ತೆ ಮೆತ್ತಬೇಕು. ಹೊಗೆಗೆ ಒಂದು ಕಬ್ಬಿಣದ ಕೊಳವೆ ಕೊಟ್ಟು ಮಾಡಿಗಿಂತ ಎತ್ತರಕ್ಕೆ ಒಯ್ಯಿರಿ. ತಿಂಗಳಿಗೊಮ್ಮೆ ಅದರ ಮಸಿ ತೆಗೆಯಿರಿ. ಕಟ್ಟಿಗೆಯ ಕೆಳಗೆ ಕಬ್ಬಿಣದ ಸರಳಿನ ಜಾಲರಿ ಇಟ್ಟರೆ ಗಾಳಿ ಅಡಿಯಿಂದ ಬಂದು ಉರಿ ಚೆನ್ನಾಗಿ ಏಳುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ಕೇಂದ್ರದವರು ನಮ್ಮ ಹಳ್ಳಿಗಳಿಗೆ ಒಲೆ ಕೊಟ್ಟಾಗ ಹೇಳಿದ್ದೂ ಇದೇ, ಜಾಲರಿ ಮತ್ತು ಹೊಗೆ ಕೊಳವೆ. ಇಷ್ಟಾದ ಮೇಲೂ ಮೇಲ್ಗಡೆ ಒಂದು ಗಾಳಿಕಿಂಡಿ ಸದಾ ತೆರೆದಿರಲಿ. ಅದಕ್ಕೆ ಗಾಜು ಬೇಡ.

ಇನ್ನು ಸೋರಿಕೆ. ಹಂಡೆಯ ಹೊರಗಡೆ ಒರೆಸಿ ಒಣಗಿಸಿ, ಒಣ ಬೂದಿ ಸವರಿ, ಆಮೇಲೆ ನೀರು ತುಂಬಿ. ಬೂದಿ ಎಲ್ಲಿ ಮೊದಲು ಒದ್ದೆಯಾಗುತ್ತದೋ ಅಲ್ಲೇ ತೂತು. ಹೊಟ್ಟೆಯ ಹತ್ತಿರ ಅಂದರೆ ಬಹುಶಃ ಎರಡು ತಗಡು ಕೂಡಿದ ಬೆಸುಗೆಯೇ ಬಿಟ್ಟಿರಬೇಕು. ಅಡಿಯನ್ನೂ ಹೆಬ್ಬೆರಳಲ್ಲಿ ಒತ್ತಿ ನೋಡಿ. ತಗಡು ಬಗ್ಗಿದರೆ ಸವೆದಿದೆ ಅಂತ ಅರ್ಥ, ಹೊಸ ತಳ ಹಾಕಿಸಬೇಕು.

ನಮ್ಮ ಹಂಡೆಯೂ ಅಲ್ಲೇ ಸೋರಿತ್ತು. ಊರಿಗೆ ಬಂದ ರಿಪೇರಿಯವರೊಬ್ಬರು ಸೀಸದ ಬೆಸುಗೆ ಹಾಕಿ ಹೋದರು. ಒಂದು ತಿಂಗಳು ಹನಿ ಸೋರಲಿಲ್ಲ. ಆಮೇಲೆ ಒಂದು ಸಂಜೆ ನೆಂಟರು ಬಂದಿದ್ದರು. ಒಬ್ಬರಾದ ಮೇಲೆ ಒಬ್ಬರು ಸ್ನಾನ ಮಾಡಿದರು, ನೀರು ತುಂಬಲು ಯಾರಿಗೂ ನೆನಪಾಗಲಿಲ್ಲ. ಕೆಳಗೆ ಬೆಂಕಿ ಜೋರಾಗಿತ್ತು. ನೀರು ಬೆಸುಗೆಗಿಂತ ಕೆಳಗೆ ಇಳಿದಿತ್ತು. ಅದನ್ನು ನೋಡಿ ನಾನು ಎರಡು ಕೊಡ ನೀರು ಸುರಿದೆ. ಬೆಸುಗೆ ಅಷ್ಟರಲ್ಲಿ ಕರಗಿಬಿಟ್ಟಿತ್ತು. ನೀರೆಲ್ಲ ಸಂದಿಯಿಂದ ಬೆಂಕಿಯ ಮೇಲೆ ಬಿದ್ದು ಆವಿ, ಬೂದಿ, ಕೆಂಡ ಎಲ್ಲ ಒಲೆಯ ಬಾಯಿಂದ ಹೊರಗೆ ಹಾರಿತು. ಒಲೆಯ ಮುಂದೆ ಐದು ನಿಮಿಷದ ಹಿಂದೆ ನಮ್ಮ ಮಗಳು ಕೂತಿದ್ದಳು. ಈಗಲೂ ನೆನೆಸಿಕೊಂಡರೆ ಎದೆ ಝಲ್ ಅನ್ನುತ್ತದೆ.

ಯಾಕೆ ಹೀಗಾಯಿತು ಅಂತ ಆಮೇಲೆ ತಿಳಿದುಕೊಂಡೆ. ತಾಮ್ರ ಕರಗಲು 1085 ಡಿಗ್ರಿ ಬೇಕು. ತವರ-ಸೀಸದ ಬೆಸುಗೆ 200 ಡಿಗ್ರಿಯ ಒಳಗೇ ಮೆತ್ತಗಾಗುತ್ತದೆ. ಹಿಂದೆ ನೀರು ನಿಂತಿರುವ ತನಕ ತಗಡು 100 ಡಿಗ್ರಿಗಿಂತ ಬಹಳ ಹೆಚ್ಚು ಕಾಯುವುದಿಲ್ಲ, ನೀರೇ ಅದನ್ನು ಕಾಪಾಡುತ್ತದೆ. ನೀರು ಇಳಿದ ಜಾಗದಲ್ಲಿ ಉರಿ ಬರೀ ಲೋಹಕ್ಕೆ ಬಡಿಯುತ್ತದೆ. ಆದ್ದರಿಂದ ಹಿತ್ತಾಳೆ ರಾಡ್ ಬಳಸಿ ಗ್ಯಾಸ್ ಬೆಸುಗೆ ಮಾಡುವವರಿಗೇ ಕೊಡಿ. ಅದು 800 ಡಿಗ್ರಿ ದಾಟಿದರೂ ಹಿಡಿದುಕೊಂಡಿರುತ್ತದೆ. ಅಂಗಡಿಯ ಅಂಟು, ಸಿಮೆಂಟು ಏನೂ ಬೇಡ. ಬೆಸುಗೆ ಎಷ್ಟೇ ಗಟ್ಟಿ ಇರಲಿ, ಒಲೆ ಹಚ್ಚುವ ಮೊದಲು ಹಂಡೆಯೊಳಗೆ ಕೈ ಹಾಕಿ ನೀರು ನೋಡಿ. ಎರಡು ಬಕೆಟ್ ತೋಡಿದರೆ ಎರಡು ಬಕೆಟ್ ಸುರಿಯಿರಿ. ನಮ್ಮಲ್ಲಿ ರಾತ್ರಿಯೇ ತುಂಬಿಸಿಡುತ್ತೇವೆ, ಬೆಳಗಿನ ಕತ್ತಲಲ್ಲಿ ಯಾರೂ ಖಾಲಿ ಹಂಡೆಗೆ ಬೆಂಕಿ ಹಾಕಬಾರದು ಅಂತ.

ಹಸಿರು ಕಟ್ಟಿರುವುದು ಕಿಲುಬು. ಅರ್ಧ ನೀರು ಬಿಟ್ಟು ದಿನಗಟ್ಟಲೆ ಹಾಗೇ ಇಟ್ಟರೆ ನೀರಿನ ಅಂಚಿನಲ್ಲಿ ಕಟ್ಟುತ್ತದೆ. ಹುಣಸೆಹಣ್ಣಿನ ರಸ, ಕಲ್ಲುಪ್ಪು, ತೆಂಗಿನ ನಾರು ಸಾಕು. ನಮ್ಮ ಅತ್ತೆ ರಸ ತೆಗೆದ ಮುರುಗಲು ಸಿಪ್ಪೆಯನ್ನು ಇದಕ್ಕೇ ಎತ್ತಿಡುತ್ತಿದ್ದರು. ಹತ್ತು ನಿಮಿಷ ಬಿಟ್ಟು ಉಜ್ಜಿ, ಮೂರು ಸಲ ತೊಳೆಯಿರಿ. ಹುಳಿಯನ್ನು ರಾತ್ರಿಯಿಡೀ ಬಿಡಬೇಡಿ, ತಾಮ್ರವನ್ನೇ ತಿನ್ನುತ್ತದೆ. ಶೌಚಾಲಯಕ್ಕೆ ಹಾಕುವ ಆಸಿಡ್ಡಂತೂ ಬೇಡವೇ ಬೇಡ. ಒಂದು ವಾರ ಊರಿಗೆ ಹೋಗುವುದಿದ್ದರೆ ನೀರು ಪೂರ್ತಿ ತೋಡಿ ಬಟ್ಟೆಯಲ್ಲಿ ಒರೆಸಿಡಿ. ಒಳಗೆ ಕಲಾಯಿ ಇಲ್ಲದ ಕಾರಣ ಈ ನೀರನ್ನು ಅಡುಗೆಗೆ ಬಳಸಬೇಡಿ.

ಕಟ್ಟಿಗೆ ಜಾಸ್ತಿ ಬೇಕಾಗುವುದು ಅದು ಹಸಿ ಇರುವುದರಿಂದ, ಅಲ್ವಾ? 1 ಲೀಟರ್ ನೀರನ್ನು ಆವಿ ಮಾಡುವ ಶಾಖದಲ್ಲಿ 100 ಲೀಟರ್ ನೀರನ್ನು 5 ಡಿಗ್ರಿ ಬಿಸಿ ಮಾಡಬಹುದು. ಹಸಿ ಕಟ್ಟಿಗೆ ತನ್ನೊಳಗಿನ ನೀರನ್ನು ಆವಿ ಮಾಡುತ್ತಾ ಅಷ್ಟನ್ನೂ ಸುಮ್ನೆ ಹೊಗೆಯ ಜೊತೆ ಕಳಿಸುತ್ತದೆ. ಹೋದ ಚಳಿಗಾಲ ನಾನು ತೂಕ ಮಾಡಿ ನೋಡಿದ್ದೇನೆ. ಒಂದು ಮಳೆಗಾಲ ಕೊಟ್ಟಿಗೆಯಲ್ಲಿ ಒಣಗಿದ ಕಟ್ಟಿಗೆ 5 ಕಿಲೋ ಹಾಕಿದರೆ ನಮ್ಮ ಹಂಡೆ ಸ್ನಾನಕ್ಕೆ ಕಾಯುತ್ತದೆ. ಹಸಿಯದಾದರೆ 9 ಕಿಲೋ ಹಾಕಿದರೂ ಹೊಗೆಯೇ ಹೆಚ್ಚು. ಹಂಡೆಗೆ ಮುಚ್ಚಳ ಇರಲಿ. ನೀರು ಕಾದ ಮೇಲೆ ಒಂದು ಬುಟ್ಟಿ ಅಡಿಕೆ ಸಿಪ್ಪೆ ಒಲೆಗೆ ಹಾಕಿದರೆ ಕೊನೆಯವರ ಸ್ನಾನದ ತನಕ ಬಿಸಿ ಹಿಡಿದಿರುತ್ತದೆ. ಬಣ್ಣದ ಪ್ಲೈವುಡ್, ಪ್ಲಾಸ್ಟಿಕ್, ಗೇರುಬೀಜದ ಸಿಪ್ಪೆ ಒಲೆಗೆ ಹಾಕಬೇಡಿ. ಚೇರಿನ ಮರವನ್ನೂ ಹಾಕಬೇಡಿ. ಅದರ ಹೊಗೆ ತಾಗಿದರೆ ಮೈಯೆಲ್ಲ ಗುಳ್ಳೆ ಏಳುತ್ತದೆ.

ಪ್ರಶ್ನೆ: ನೀರು ತುಂಬುವ ಹಬ್ಬಕ್ಕೆ ಹಂಡೆಯ ಹೊರಗಿನ ಮಸಿಯನ್ನು ಪೂರ್ತಿ ತೆಗೆಯಬೇಕೇ? ನನಗೆ ಸೊಂಟ ನೋವು, ಉಜ್ಜಲು ಆಗುವುದಿಲ್ಲ.
– ಓದುಗರೊಬ್ಬರು, ಸಿದ್ದಾಪುರ

ಉತ್ತರ: ಬೇಡ ಅಮ್ಮ. ಪದರ ಪದರವಾಗಿ ಎದ್ದ ದಪ್ಪ ಮಸಿ ಮಾತ್ರ ಶಾಖವನ್ನು ತಡೆಯುತ್ತದೆ. ಅದನ್ನು ತೆಂಗಿನ ಕರಟದ ಅಂಚಿನಿಂದ ಕೆರೆದರೆ ಸಾಕು. ಉಳಿದ ತೆಳು ಕಪ್ಪಿನಿಂದ ಏನೂ ತೊಂದರೆ ಇಲ್ಲ. ಮನೆಯವರ ಕೈಯಲ್ಲಿ ಬೂದಿಯನ್ನು ನೀರಿನಲ್ಲಿ ಕಲಸಿ ಹಂಡೆಯ ತಳಕ್ಕೆ ಬಳಿಸಿಕೊಳ್ಳಿ, ಮುಂದಿನ ಸಲ ಮಸಿ ಸುಲಭವಾಗಿ ಬಿಡುತ್ತದೆ. ನೀವು ಕತ್ತು ಮತ್ತು ಬಾಯಿ ಮಾತ್ರ ಬೆಳಗಿ, ಕೆಮ್ಮಣ್ಣು ಸುಣ್ಣದ ಗೆರೆ ಎಳೆಯಿರಿ. ಅಷ್ಟರಲ್ಲೇ ಹಂಡೆಗೆ ಹಬ್ಬದ ಕಳೆ ಬರುತ್ತದೆ. ಕತ್ತಿಗೆ ಕಟ್ಟುವ ಹಿಂಡಲೆಕಾಯಿ ಬಳ್ಳಿ ಈಗ ನಮ್ಮ ಕಡೆ ಕಡಿಮೆಯಾಗಿದೆ. ಬೇಲಿ ಸವರುವವರಿಗೆ ಒಂದೆರಡು ಬಳ್ಳಿ ಬಿಡಲು ಈಗಲೇ ಹೇಳಿಡಿ.