ಎದೆಹಾಲು ಕಡಿಮೆ ಆದರೆ ಚೀನೀ ವೈದ್ಯದಲ್ಲಿ ಏನು ಮಾಡುತ್ತಾರೆ?

ಮೊದಲು ನೋಡುವುದು ಎದೆ ಮೆತ್ತಗಿದೆಯೋ, ಬಿಗಿದಿದೆಯೋ ಅಂತ. ಅವರ ಲೆಕ್ಕದಲ್ಲಿ ಹಾಲಾಗುವುದು ರಕ್ತ ಮತ್ತು 'ಚಿ' ಎಂಬ ಜೀವಶಕ್ತಿಯಿಂದ. ಮೆತ್ತಗಿದ್ದು ಹಾಲು ನೀರಾಗಿದ್ದರೆ ತಾಯಿಗೆ ಶಕ್ತಿ ಸಾಲದು ಎಂದರ್ಥ. ಆಗ ಹಂದಿಕಾಲು, ಕಡಲೆಕಾಯಿ ಬೀಜ ಹಾಕಿದ ಸೂಪು, ಇಲ್ಲವೇ ಮೀನು-ಪರಂಗಿಕಾಯಿ ಸೂಪು. ನಮ್ಮಲ್ಲಿ ಬಾಣಂತಿಗೆ ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ ಕೊಡುವ ಹಾಗೇ ಅಲ್ವಾ!

ಬಿಗಿದು ನೋಯುತ್ತಿದ್ದರೆ ಚಿಂತೆಯಿಂದ ಹರಿವು ಕಟ್ಟಿದೆ ಎನ್ನುತ್ತಾರೆ. ಅದಕ್ಕೆ 'ವಾಂಗ್ ಬು ಲಿಯು ಶಿಂಗ್' ಎಂಬ ಬೀಜದ ಕಷಾಯ. ರಾಜನೂ ತಡೆದು ನಿಲ್ಲಿಸಲಾರ ಅನ್ನುವಂಥ ಹೆಸರು! ಕಿರುಬೆರಳಿನ ಉಗುರಿನ ಮೂಲೆಗೆ ಸೂಜಿಯನ್ನೂ ಚುಚ್ಚುತ್ತಾರೆ. ಚಿಪ್ಪುಹಂದಿಯ ಚಿಪ್ಪನ್ನೂ ಹಾಲಿಗೆಂದು ಬಳಸುತ್ತಿದ್ದರು. 2020ರಲ್ಲಿ ಚೀನಾ ಅದನ್ನು ಅಧಿಕೃತ ಔಷಧ ಗ್ರಂಥದ ಮೂಲಿಕೆ-ಪದಾರ್ಥಗಳ ಪಟ್ಟಿಯಿಂದ ತೆಗೆಯಿತು. ಒಳ್ಳೆಯದೇ ಆಯಿತು.

ಇವೆಲ್ಲಕ್ಕೆ ಪುರಾವೆ ಅಷ್ಟು ಗಟ್ಟಿಯಿಲ್ಲ. ಸೂಪು ಕುಡಿದರೆ ತೊಂದರೆಯಿಲ್ಲ, ಆದರೆ ಆನ್‌ಲೈನ್‌ನಲ್ಲಿ ಸಿಗುವ ಪುಡಿಗಳನ್ನು ಸುಮ್ನೆ ತಗೋಬೇಡಿ. ಹುರಿದ ಬಾರ್ಲಿ ಮೊಳಕೆಯನ್ನು ಅವರು ಹಾಲು ಬತ್ತಿಸಲು ಕೊಡುತ್ತಾರೆ, ನೆನಪಿರಲಿ. ಹಾಲು ಜಾಸ್ತಿಯಾಗುವುದು ಮುಖ್ಯವಾಗಿ ಮಗು ಚೀಪಿದಷ್ಟೂ. ದಿನಕ್ಕೆ 8ರಿಂದ 12 ಸಲ ಕುಡಿಸಿ, ಬಾಯಿ ಸರಿಯಾಗಿ ಹಿಡಿದಿದೆಯಾ ನೋಡಿ. ಮಗುವಿನ ತೂಕ ಏರದಿದ್ದರೆ, ಅಥವಾ ಎದೆ ನೋವಿನ ಜೊತೆ ಜ್ವರ ಬಂದರೆ, ಕಷಾಯ ಬಿಟ್ಟು ಡಾಕ್ಟರ ಹತ್ತಿರ ಹೋಗಿ.