ಮನೆಗೆ ಹೊಸ ಕೋಣೆ ಸೇರಿಸಲು ನಂಬಿಕಸ್ಥ ಕಂಟ್ರಾಕ್ಟರನ್ನು ಗುರುತಿಸುವುದು ಹೇಗೆ?

ಮೊನ್ನೆಯಷ್ಟೇ ಮುಗಿಸಿದ ಕೆಲಸವಲ್ಲ, ಒಂದೆರಡು ಮಳೆಗಾಲ ಕಂಡ ಕೆಲಸ ತೋರಿಸಲು ಹೇಳಿ. ಅದೂ ಹಳೆ ಮನೆಗೆ ಸೇರಿಸಿ ಕಟ್ಟಿದ್ದೇ ಆಗಿರಲಿ. ಹಳೆ ಗೋಡೆ, ಹೊಸ ಗೋಡೆ ಕೂಡುವ ಕಡೆ ಮೇಲಿಂದ ಕೆಳಗೆ ಬಿರುಕು ಬಿಟ್ಟಿದೆಯೇ, ಚಾವಣಿ ಮೂಲೆಯಲ್ಲಿ ನೀರಿಳಿದ ಕಲೆ ಇದೆಯೇ ಎಂದು ಕಣ್ಣಾರೆ ನೋಡಿ. ಹಳೆ ಪಾಯ ಆಗಲೇ ಮಣ್ಣಿನಲ್ಲಿ ಇಳಿದು ಕೂತಿರುತ್ತದೆ, ಹೊಸದು ಇನ್ನೂ ಕೂರಬೇಕು; ಆಗ ಕೂಡುವ ಕಡೆ ಬಿರುಕು ಬಿಡಬಹುದು. ಅದಕ್ಕೇನು ಮಾಡುತ್ತೀರಿ ಎಂದು ಕೇಳಿ. 'ಅದೆಲ್ಲ ನಮಗೆ ಬಿಡಿ ಸಾರ್' ಎನ್ನುವವರಿಗೆ ನಾನಂತೂ ಕೆಲಸ ಕೊಡುವುದಿಲ್ಲ.

ಮೇಲಂತಸ್ತಾದರೆ ಕಟ್ಟಡದ ಭಾರ, ಬಲ ಲೆಕ್ಕ ಹಾಕುವ ಸ್ಟ್ರಕ್ಚರಲ್ ಎಂಜಿನಿಯರ್ ಪಾಯ ಪರೀಕ್ಷಿಸಲೇಬೇಕು. ಸಿಮೆಂಟ್, ಕಬ್ಬಿಣದ ವಿವರ ಬರವಣಿಗೆಯಲ್ಲಿರಲಿ. ಹಣ ಹಂತಹಂತವಾಗಿ ಕೊಡಿ. ತಾರಸಿಯಾದರೆ ಅದರ ಮೇಲೆ 24 ಗಂಟೆ ನೀರು ಕಟ್ಟಿ ನಿಲ್ಲಿಸಿ, ಸೋರುವುದಿಲ್ಲ ಎಂದು ಖಾತ್ರಿಯಾದ ಮೇಲೆಯೇ ಕೊನೆಯ ಕಂತು.